ಫ್ಲಾಸ್ಕ್ ಒಯ್ಯದ ಬೆಳಿಗ್ಗೆ

ನಾನು ಯಾವ ಪಕ್ಷದವಳು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತೀರಿ, ಇನ್ನರ್ಧ ಜನ ನಾನು ಮಾಡಿದ ತಪ್ಪಿಗೂ ತಲೆದೂಗುತ್ತೀರಿ. ಎರಡೂ ನನಗೆ ಬೇಡ. ಪಕ್ಷ ಎಂದರೆ ನನಗೆ ತವರುಮನೆ ಇದ್ದ ಹಾಗೆ ಎಂದಷ್ಟು ತಿಳಿದುಕೊಂಡರೆ ಸಾಕು. ನಾನು ಎಷ್ಟು ಬೇಕಾದರೂ ಬೈಯುತ್ತೇನೆ, ಬೇರೆಯವರು ಒಂದು ಮಾತು ಅಂದರೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಮೊದಲಿಂದಲೂ ನನ್ನ ಬಾಯಿ ಹಾಗೇ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವಳು, ಸುಮ್ಮನೆ ಕೇಳಿಸಿಕೊಳ್ಳುವುದನ್ನು ಮಾತ್ರ ಕಲಿಯಲಿಲ್ಲ.

ನನ್ನ ಗೆಳತಿ ಎದುರು ಪಕ್ಷದವಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಯಡಿಯೂರಿನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಅವಳ ಮನೆ. ಅವಳ ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾವಿಬ್ಬರೂ ಬೆಳಿಗ್ಗೆ ಆರೂವರೆಗೆ ಕೆರೆಯ ಸುತ್ತ ನಡೆಯುತ್ತಿದ್ದೆವು. ನಡೆಯುವುದು ಎರಡು ಸುತ್ತು, ಕಲ್ಲುಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುವುದು ಒಂದು ಗಂಟೆ. ನಮ್ಮ ಜಗಳ ಕೇಳಲೆಂದೇ ಕೆಲವು ನಿವೃತ್ತ ಗಂಡಸರು ಪಕ್ಕದ ಬೆಂಚಿಗೆ ಬಂದು ಕೂರುತ್ತಿದ್ದರು. ಅವರಿಗೆ ಅದು ಪುಕ್ಕಟೆ ನಾಟಕ.

ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಹಿಂದಿನ ದಿನ ಯಾರ ಪಕ್ಷದ ನಾಯಕ ಬಾಯಿಗೆ ಬಂದ ಹಾಗೆ ಮಾತಾಡಿದ್ದಾನೋ, ಅವರು ಮರುದಿನ ಫ್ಲಾಸ್ಕಿನಲ್ಲಿ ಇಬ್ಬರಿಗೂ ಕಾಫಿ ತರಬೇಕು. ಫ್ಲಾಸ್ಕ್ ತಂದರೆ ತಪ್ಪು ಒಪ್ಪಿಕೊಂಡ ಹಾಗೆ. ಆಮೇಲೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ಮಳೆನೀರು ಮನೆಗೆ ನುಗ್ಗಿದಾಗ ಅವಳ ಪಕ್ಷದವನೊಬ್ಬ ‘ಬಿಡಿ, ಟ್ಯಾಂಕರ್ ನೀರಿನ ಖರ್ಚು ಉಳೀತು’ ಅಂದಿದ್ದ. ಅವಳು ಮರುಮಾತಿಲ್ಲದೆ ಕಾಫಿ ತಂದಳು. ರಸ್ತೆಯಲ್ಲಿ ಗುಂಡಿ ಇದ್ದರೆ ಗಾಡಿಗಳು ನಿಧಾನ ಹೋಗುತ್ತವೆ, ಅಪಘಾತ ಕಮ್ಮಿ ಆಗುತ್ತದೆ ಎಂದು ನಮ್ಮವನೊಬ್ಬ ಮೈಕಿನಲ್ಲಿ ಹೇಳಿದ. ಹಲ್ಲು ಕಡಿದುಕೊಂಡು ನಾನೂ ಒಯ್ದೆ. ಇಬ್ಬರು ನಾಯಕರೂ ಒಂದೇ ದಿನ ನಾಲಿಗೆ ಹರಿಬಿಟ್ಟರೆ ಎರಡು ಫ್ಲಾಸ್ಕ್ ಬರುತ್ತಿದ್ದವು, ಪಕ್ಕದ ಬೆಂಚಿಗೂ ಕಾಫಿ ಸಿಗುತ್ತಿತ್ತು. ಚುನಾವಣೆ ಹತ್ತಿರ ಬಂದಾಗ ನಮ್ಮಿಬ್ಬರ ಮನೆಯಲ್ಲೂ ಹಾಲು ಜಾಸ್ತಿ ಖರ್ಚಾಗುತ್ತಿತ್ತು.

ಪಾಲಿಕೆ ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವರ್ಷಗಟ್ಟಲೆ ಕಾದಿದ್ದೆವು. ಈ ಸಲ ಬಂದೇ ಬರುತ್ತದೆ ಎಂದು ಎರಡೂ ಕಡೆಯವರು ಓಡಾಡತೊಡಗಿದರು. ನಮ್ಮ ವಾರ್ಡಿಗೆ ನಮ್ಮ ಪಕ್ಷದಿಂದ ನಿಲ್ಲುವವರು ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಕೆಲಸಗಾರ ಮನುಷ್ಯ. ಬೀದಿದೀಪ ಹೋಗಿದೆ ಎಂದು ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಏಣಿ ಬರುತ್ತಿತ್ತು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಎಲ್ಲರ ಹಾಗೆ ನಾನೂ ‘ಅಣ್ಣ’ ಎನ್ನುತ್ತಿದ್ದೆ. ಎದುರು ಪಕ್ಷದಿಂದ ಒಬ್ಬ ಹೆಣ್ಣುಮಗಳು ನಿಲ್ಲುತ್ತಾಳೆ ಎಂದು ಸುದ್ದಿ ಇತ್ತು. ಗಂಡ ಸತ್ತಮೇಲೆ ಅವನ ಅಂಗಡಿಯನ್ನೂ ಅವನ ಪಕ್ಷದ ಓಡಾಟವನ್ನೂ ತಾನೇ ನಡೆಸಿಕೊಂಡು ಬಂದವಳು. ಆಕೆಗೆ ಠೇವಣಿಯೂ ಸಿಗುವುದಿಲ್ಲ ಎಂದು ನಾನು ತರಕಾರಿ ಗಾಡಿಯ ಮುಂದೆ, ಹಾಲಿನ ಬೂತಿನ ಮುಂದೆ ಸಾರಿಕೊಂಡು ಬರುತ್ತಿದ್ದೆ.

ಗಣೇಶನ ಹಬ್ಬ ಮುಗಿದ ವಾರ, ಒಂದು ಪೆಂಡಾಲಿನ ವೇದಿಕೆ ಮೇಲೆ ಅಣ್ಣ ಭಾಷಣ ಮಾಡಿದರು. ಆಕೆಯ ಹೆಸರು ಹೇಳಲಿಲ್ಲ. ‘ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಅಂಥ ಮುಖ ಎದುರಾದ್ರೆ ನಮ್ಮೋರು ವಾಪಸ್ ಮನೆಗೆ ಬಂದು, ನೀರು ಕುಡಿದು, ಕೂತು ಎದ್ದು ಹೋಗ್ತಾರೆ. ಅಂಥೋರ ಕೈಗೆ ವಾರ್ಡ್ ಕೊಡ್ತೀರಾ?’ ಎಂದರು. ಜನ ನಕ್ಕರು. ಸಂಜೆಯೊಳಗೆ ಆ ವಿಡಿಯೋ ಎಲ್ಲರ ಫೋನಿಗೂ ಬಂತು. ನಾನೂ ಎರಡು ಸಲ ನೋಡಿದೆ. ಆಡಬಾರದ ಮಾತು ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಚುನಾವಣೆ ಹೊಸ್ತಿಲಲ್ಲಿ ನಿಂತಿರುವಾಗ ಮನಸ್ಸಿನ ಮಾತು ಕೇಳುವ ಹೆಂಗಸು ನಾನಲ್ಲ.

ಮರುದಿನ ಬರಿಗೈಯಲ್ಲಿ ಕೆರೆಗೆ ಹೋದೆ. ಅವಳು ಆಗಲೇ ಬೆಂಚಿನ ಮೇಲೆ ಕೂತಿದ್ದಳು.

‘ಫ್ಲಾಸ್ಕ್ ಎಲ್ಲೇ?’ ಎಂದಳು.

‘ಯಾಕೆ? ಇವತ್ತು ನನ್ನ ಸರದಿ ಅಲ್ವಲ್ಲ.’

‘ನಿಮ್ಮ ಅಣ್ಣನ ವಿಡಿಯೋ ನೋಡ್ಲಿಲ್ವಾ?’

‘ನೋಡ್ದೆ. ಹಿಂದೆ ಮುಂದೆ ಕಟ್ ಮಾಡಿ ಹಾಕಿದಾರೆ. ಪೂರ್ತಿ ಭಾಷಣ ಕೇಳು, ಆಮೇಲೆ ಮಾತಾಡು. ಅಷ್ಟಕ್ಕೂ ಅವರು ಹೊಸದೇನು ಹೇಳಿದಾರೆ? ಜನ ದಿನಾ ಆಡೋ ಮಾತು. ನಿಮ್ಮೋನು ಹೋದ ವರ್ಷ ಹೆಂಗಸರ ಬಗ್ಗೆ ಏನಂದಿದ್ದ, ಮರೆತುಹೋಯ್ತಾ? ಆವಾಗ ಎಲ್ಲಿ ಹೋಗಿತ್ತು ನಿಮ್ಮ ಮಾನ ಮರ್ಯಾದೆ?’

‘ಆವಾಗ ನಾನು ಫ್ಲಾಸ್ಕ್ ತಂದಿದ್ದೆ,’ ಎಂದಳು.

ಮಾತಿನಲ್ಲಿ ಸಿಕ್ಕಿಬಿದ್ದಾಗ ನಾನು ದನಿ ಏರಿಸುತ್ತೇನೆ. ಅವತ್ತೂ ಏರಿಸಿದೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ‘ಜನ ದಿನಾ ಆಡೋ ಮಾತು. ಸರಿ,’ ಎಂದು ಎದ್ದಳು. ‘ಮೊಣಕಾಲು ನೋಯ್ತಿದೆ, ಬರ್ತೀನಿ’ ಎಂದು ಹೊರಟೇ ಹೋದಳು. ವಾದದಲ್ಲಿ ಗೆದ್ದೆ ಎಂದುಕೊಂಡು ನಾನು ಇನ್ನೂ ಒಂದು ಸುತ್ತು ಹೆಚ್ಚಿಗೆ ನಡೆದೆ.

ಮನೆಯಲ್ಲಿ ನಮ್ಮ ಯಜಮಾನರು ಎರಡೂ ಕಣ್ಣಿಗೆ ಪೊರೆ ಬಂದು ಪೇಪರನ್ನು ಮೂಗಿಗೆ ಅಂಟಿಸಿಕೊಂಡು ಓದುತ್ತಿದ್ದರು. ಅವರು ದಿನಕ್ಕೆ ಆಡುವ ಮಾತು ಒಂದು ಕೈಯ ಬೆರಳೆಣಿಕೆಯಲ್ಲಿ ಮುಗಿಯುತ್ತದೆ. ನಾನು ನಡೆದದ್ದನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದೆ. ಅವರು ಪೇಪರ್ ಇಳಿಸಿದರು.

‘ಟೀಚರ್ ಎದುರಿಗೆ ಹೀಗಂದ್ಯಾ?’

‘ಅವಳೇ ಕೇಳಿದ್ಲು, ಅದಕ್ಕೆ ಅಂದೆ.’

‘ಅವರೂ ಗಂಡನ್ನ ಕಳ್ಕೊಂಡೋರೇ ಅಲ್ವೇನೆ?’

ದೇವರಾಣೆ, ಆ ಕ್ಷಣದವರೆಗೂ ನನಗದು ಹೊಳೆದಿರಲಿಲ್ಲ. ಅಣ್ಣ ಹೇಳಿದ ‘ಅಂಥ ಮುಖ’ ಎಂದರೆ ಎದುರು ಪಕ್ಷದ ಆ ಹೆಂಗಸಿನ ಮುಖ ಎಂದಷ್ಟೇ ನನ್ನ ತಲೆಯಲ್ಲಿ ಇತ್ತು. ನನ್ನ ಗೆಳತಿಯನ್ನು ನಾನು ಒಂದು ದಿನವೂ ವಿಧವೆ ಎಂದು ನೋಡಿದವಳಲ್ಲ, ಅದಕ್ಕೇ ಹಾಗೆ ಬಾಯಿ ಬಿಟ್ಟೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಚೆಂದದ ನೆಪ! ಅರ್ಧ ಗಂಟೆ ಕೂಡ ನಿಲ್ಲಲಿಲ್ಲ ಅದು.

ಮರುದಿನ ಅವಳು ಕೆರೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇರೆ ಪಾರ್ಕಿಗೆ ಹೋಗುತ್ತಿದ್ದಾರೆ ಎಂದು ಪಕ್ಕದ ಬೆಂಚಿನವರೇ ಹೇಳಿದರು. ಫೋನ್ ಮಾಡಿದೆ. ಎತ್ತಿದಳು.

‘ಚೆನ್ನಾಗಿದೀನಿ ರೀ. ನೀವು ಹೇಗಿದೀರಾ? ಯಜಮಾನ್ರ ಕಣ್ಣು ಹೇಗಿದೆ?’

ಅಯ್ಯೋ, ಇಷ್ಟು ವರ್ಷ ‘ಲೇ’, ‘ಕಣೇ’ ಎನ್ನುತ್ತಿದ್ದವಳ ಬಾಯಲ್ಲಿ ‘ರೀ’! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಾಡಿಗೆಮನೆ ಕೇಳಲು ಬಂದವರ ಜೊತೆ ಮಾತಾಡಿದ ಹಾಗೆ ಮರ್ಯಾದೆಯಾಗಿ ಮಾತಾಡಿ ಫೋನ್ ಇಟ್ಟಳು. ಕ್ಷಮೆ ಕೇಳಬೇಕು ಎಂದೇ ಫೋನ್ ಮಾಡಿದವಳು, ಮಾತ್ರೆ ತಗೊಂಡ್ರಾ, ಮಳೆ ಬಂತಾ ಎಂದು ಏನೇನೋ ಕೇಳಿ ಮುಗಿಸಿದ್ದೆ. ಅವತ್ತು ಸಾರಿಗೆ ಉಪ್ಪು ಹಾಕಲು ಮರೆತೆ, ಯಜಮಾನರು ಅದನ್ನೂ ಸುಮ್ಮನೆ ಉಂಡರು.

ಆ ವಾರವೇ ಇನ್ನೊಂದು ಕಂಡಿತು. ನಮ್ಮ ಪಕ್ಷದವರ ವಾಟ್ಸ್ಆ್ಯಪ್ ಗುಂಪಿದೆ, ದಿನಕ್ಕೆ ನೂರು ಸಂದೇಶ ಬರುವಂಥದ್ದು. ಅಣ್ಣನ ಮಾತಿಗೆ ಯಾರಾದರೂ ಆಕ್ಷೇಪ ತೆಗೆದರೆ ಏನು ಹೇಳಬೇಕು ಎಂದು ಅದರಲ್ಲಿ ಮೊದಲ ದಿನವೇ ಬಂದಿತ್ತು. ಹಳೆಯದನ್ನು ಹುಡುಕಿ ತೆಗೆದು ಓದಿದೆ. ಹಿಂದೆ ಮುಂದೆ ಕಟ್ ಮಾಡಿದ್ದಾರೆ ಎನ್ನಿ. ಇದು ಜನಸಾಮಾನ್ಯರು ದಿನವೂ ಆಡುವ ಮಾತು ಎನ್ನಿ. ಅವರ ಪಕ್ಷದವರು ಹೋದ ವರ್ಷ ಏನು ಹೇಳಿದ್ದರು ಎಂದು ಕೇಳಿ. ಕೆರೆಯ ಬೆಂಚಿನಲ್ಲಿ ನಾನು ಆಡಿದ್ದೆಲ್ಲ ಅಲ್ಲೇ ಇತ್ತು, ಅದೇ ಸಾಲು, ಅದೇ ಕ್ರಮ. ನನ್ನ ಬುದ್ಧಿಯಿಂದ ವಾದ ಮಾಡಿದೆ ಎಂದುಕೊಂಡಿದ್ದೆನಲ್ಲ! ಯಾರೋ ಬರೆದುಕೊಟ್ಟದ್ದನ್ನು ಗಿಳಿಯ ಹಾಗೆ ಒಪ್ಪಿಸಿ ನನ್ನ ಗೆಳತಿಯನ್ನು ಕಳೆದುಕೊಂಡಿದ್ದೆ. ನಾಚಿಕೆಯಿಂದ ಮೈ ಉರಿದುಹೋಯಿತು.

ಇದರ ಮಧ್ಯೆ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಪ್ರತಿ ವರ್ಷ ಅಮಾವಾಸ್ಯೆಯ ಬೆಳಿಗ್ಗೆ ಅವಳು ಬಂದು, ದಾರ ಹಿಡಿದು, ಒಂಬತ್ತು ಮೆಟ್ಟಿಲೂ ಸಮವಾಗಿವೆಯೇ ಎಂದು ನೋಡುತ್ತಿದ್ದಳು. ಗಣಿತದವಳ ಕಣ್ಣು, ಒಂದು ಕೂದಲೆಳೆ ಓರೆ ಇದ್ದರೂ ಬಿಡುತ್ತಿರಲಿಲ್ಲ. ಈ ಸಲ ಬಾಗಿಲು ತೆರೆದಿಟ್ಟು ಕಾದೆ. ಯಜಮಾನರು ಕಣ್ಣಿನ ಆಪರೇಷನ್‌ಗೆ ಮುಂಚಿನ ಪರೀಕ್ಷೆಗೆಂದು ಬೆಳಿಗ್ಗೆಯೇ ಒಬ್ಬರೇ ಆಸ್ಪತ್ರೆಗೆ ಹೋದರು. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ನಾನೊಬ್ಬಳೇ ಮೆಟ್ಟಿಲು ಜೋಡಿಸಿದೆ. ಪಟ್ಟದ ಗೊಂಬೆಗಳು ಬಲಕ್ಕೆ ವಾಲಿಕೊಂಡೇ ಕೂತವು.

ಹಬ್ಬದ ಮೂರನೆಯ ದಿನ, ಪಕ್ಷದ ಮಹಿಳಾ ಘಟಕದ ಹುಡುಗಿಯೊಬ್ಬಳು ಮನೆಗೆ ಬಂದಳು. ನಗುಮುಖದ ಮಗು, ತಪ್ಪು ಅವಳದಲ್ಲ.

‘ಆಂಟಿ, ನಿಮ್ಮನೆ ಗೊಂಬೆ ನೋಡೋಕೆ ನಾಡಿದ್ದು ಅಣ್ಣನೇ ಬರ್ತಾರೆ!’ ಎಂದಳು.

ಇನ್ನೊಂದು ಕಾಲವಾಗಿದ್ದರೆ ನಾನು ಕುಣಿದಾಡಿಬಿಡುತ್ತಿದ್ದೆ. ಈಗಲೂ ಒಂದು ಗಳಿಗೆ ಒಳಗೆ ಕುಣಿದೆ, ಒಪ್ಪಿಕೊಳ್ಳುತ್ತೇನೆ. ಯಾವ ಸೀರೆ ಉಡಲಿ ಎಂಬಲ್ಲಿಯವರೆಗೂ ಯೋಚನೆ ಹೋಗಿತ್ತು.

‘ಒಂದು ಹದಿನೈದು ಜನ ಲೇಡೀಸ್ನ ಸೇರಿಸಿ ಆಂಟಿ. ಆ ವಿಡಿಯೋ ಸ್ವಲ್ಪ ಪ್ರಾಬ್ಲಮ್ ಆಗಿದೆಯಲ್ಲ, ಅದಕ್ಕೆ. ಅಣ್ಣ ಎಲ್ಲರಿಗೂ ಸೀರೆ ಕೊಟ್ಟು ನಮಸ್ಕಾರ ಮಾಡ್ತಾರೆ. ಫೋಟೋ ಚೆನ್ನಾಗಿ ಬರ್ಬೇಕು. ಎಲ್ಲ ಮುತ್ತೈದೆಯರೇ ಇರೋ ಹಾಗೆ ನೋಡ್ಕೊಳ್ಳಿ, ಅಷ್ಟೆ.’

‘ಮತ್ತೆ ನಮ್ಮ ಟೀಚರ್ ಬಂದ್ರೆ?’ ಎಂದೆ.

ಅವಳಿಗೆ ಯಾವ ಟೀಚರ್ ಎಂದು ಗೊತ್ತಿತ್ತು. ‘ಅವರು ಸಂಜೆ ಬರ್ಲಿ ಆಂಟಿ, ಫೋಟೋ ಎಲ್ಲ ಆದ್ಮೇಲೆ,’ ಎಂದಳು.

ಸಿಟ್ಟು ಎಲ್ಲಿಂದ ಬಂತೋ! ‘ನೋಡಮ್ಮ, ನಮ್ಮನೆ ಗೊಂಬೆ ನೋಡೋಕೆ ಯಾರು ಬೇಕಾದ್ರೂ ಬರ್ಬಹುದು. ನಿಮ್ಮ ಅಣ್ಣನೂ ಬರ್ಲಿ, ಕಡಲೆ ಸುಂಡಲ್ ಕೊಡ್ತೀನಿ, ತಿಂದು ಹೋಗ್ಲಿ. ಫೋಟೋಗೆ ಜನ ಆರಿಸೋ ಹಾಗಿದ್ರೆ ಬೇರೆ ಮನೆ ನೋಡ್ಕೊಳ್ಳಿ. ಅದಕ್ಕಿಂತ ಮುಂಚೆ ಆ ಹೆಂಗಸಿನ ಹತ್ರ ಹೋಗಿ ತಪ್ಪಾಯ್ತು ಅನ್ನೋಕೆ ಹೇಳಿ. ಸೀರೆ ಹಂಚಿದ್ರೆ ಆಗಲ್ಲ’ ಎಂದೆ. ಆ ಹುಡುಗಿ ಕುಂಕುಮ ತೆಗೆದುಕೊಂಡು ಹೊರಟುಹೋದಳು. ಅವಳು ಗೇಟು ಹಾಕುವಷ್ಟರಲ್ಲಿ ನನಗೇ ನಗು ಬಂತು. ತಪ್ಪಾಯ್ತು ಎನ್ನಿ ಎಂದು ಊರಿಗೆಲ್ಲ ಉಪದೇಶ ಮಾಡುವವಳು, ಎರಡು ರಸ್ತೆ ಆಚೆಗೆ ಹೋಗಲು ಮೂರು ವಾರದಿಂದ ಕಾಲು ಬಾರದೆ ಕೂತಿದ್ದೆ.

ಡಿಕಾಕ್ಷನ್ ಇಳಿದೇ ಇತ್ತು. ಹಾಲು ಕಾಯಿಸಿ, ಕಾಫಿ ಬೆರೆಸಿ, ಫ್ಲಾಸ್ಕಿಗೆ ಹಾಕಿಕೊಂಡು, ಉಟ್ಟ ಸೀರೆಯಲ್ಲೇ ಹೊರಟೆ. ಅವಳ ಮನೆಯ ಕೆಳಗಡೆ ಹುಬ್ಬಳ್ಳಿ ಕಡೆಯ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು. ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ‘ಟೀಚರ್ ಮ್ಯಾಲ ಅದಾರ್ರಿ, ಹೋಗ್ರಿ,’ ಎಂದಳು. ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ. ಬಾಗಿಲು ತೆರೆದ ಅವಳು ನನ್ನನ್ನು ನೋಡಿದಳು, ಕೈಯಲ್ಲಿದ್ದ ಫ್ಲಾಸ್ಕ್ ನೋಡಿದಳು.

‘ತಪ್ಪಾಯ್ತು ಕಣೇ,’ ಎಂದೆ. ‘ಆಡಬಾರದ ಮಾತು ಅದು. ಅವರು ಆಡಿದ್ದೂ ತಪ್ಪು, ನಾನು ವಹಿಸ್ಕೊಂಡು ಮಾತಾಡಿದ್ದು ಅದಕ್ಕಿಂತ ತಪ್ಪು. ಕಾಫಿ ತರೋಕೆ ಮೂರು ವಾರ ಲೇಟಾಯ್ತು.’

ಅವಳು ಒಳಗೆ ಕರೆದಳು. ಲೋಟ ತಂದಳು. ಇಬ್ಬರೂ ಕೂತೆವು. ನಾನು ಕಾಫಿ ಬಗ್ಗಿಸಿದೆ. ಆಮೇಲೆ, ಲೋಟ ನೋಡಿಕೊಂಡೇ ಹೇಳಿದಳು.

‘ಅಮಾವಾಸ್ಯೆ ದಿನ ಬಂದಿದ್ದೆ ಕಣೇ ನಿಮ್ಮನೆಗೆ. ಜಗಳ ಜಗಳಕ್ಕೆ, ಗೊಂಬೆ ಯಾಕೆ ಬಿಡೋದು ಅಂತ ಬಂದೆ. ಗೇಟ್ ಹತ್ರ ಬರೋಷ್ಟರಲ್ಲಿ ನಿಮ್ಮೋರು ಫೈಲ್ ಹಿಡ್ಕೊಂಡು ಮೆಟ್ಲು ಇಳೀತಿದ್ರು. ಆಸ್ಪತ್ರೆಗೆ ಅಂತ ಗೊತ್ತಾಯ್ತು. ಕಣ್ಣಿನ ವಿಷಯ, ನಾನ್ಯಾಕೆ ಎದುರಿಗೆ ಬರ್ಲಿ ಅಂತ ಹೊಂಗೆ ಮರದ ಹಿಂದೆ ಹೋಗಿ ನಿಂತ್ಕೊಂಡೆ. ಆಟೋ ಹೋಗೋವರ್ಗೂ ನಿಂತಿದ್ದೆ. ಆಮೇಲೆ ಒಳಗೆ ಬರೋಕೆ ಮನಸ್ಸಾಗ್ಲಿಲ್ಲ.’

ನಾನು ಲೋಟ ಕೆಳಗಿಟ್ಟೆ.

‘ನಾನು ಅಂಥದ್ದೆಲ್ಲ ನಂಬೋಳಾ ಹೇಳು? ಗ್ರಹಣದ ದಿನ ಮಕ್ಕಳನ್ನ ಮೈದಾನದಲ್ಲಿ ನಿಲ್ಲಿಸಿ ತೋರಿಸ್ತಿದ್ದೋಳು ನಾನು. ನಮ್ಮನೆಯೋರು ಹೋದ ಮೇಲೆ ಎಷ್ಟೋ ಜನ ಏನೇನೋ ಅಂದ್ರು. ಒಂದು ಮನೆ ಮುಂದೂ ಬಚ್ಚಿಟ್ಕೊಂಡಿಲ್ಲ. ನಿನ್ನ ಮನೆ ಮುಂದೆ ಬಚ್ಚಿಟ್ಕೊಂಡೆ ನೋಡು.’

ನಾನು ಅತ್ತೆ. ಮುಚ್ಚುಮರೆ ಇಲ್ಲದೆ, ಸಣ್ಣ ಹುಡುಗಿಯ ಹಾಗೆ ಅತ್ತೆ. ಅವಳು ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ, ‘ಸಾಕು ಸುಮ್ನಿರೇ, ಕಾಫಿ ಆರೋಗತ್ತೆ,’ ಎಂದು ಗದರಿದಳು. ಆ ‘ಸುಮ್ನಿರೇ’ ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು.

‘ನಿಮ್ಮ ಅಣ್ಣನ ಕಥೆ ಏನು? ಗೆಲ್ತಾನಾ?’ ಎಂದು ಕೇಳಿದಳು.

‘ಸೋಲ್ತಾರೆ ಅನ್ಸತ್ತೆ. ಹೆಂಗಸರ ಓಟು ಕೈಬಿಟ್ಟು ಹೋಯ್ತು.’

‘ಎಲ್ಲೋ ಇದೀಯ! ಗೆಲ್ತಾನೆ ಕಣೇ. ಬೀದಿದೀಪ ಹಾಕ್ಸಿದಾನೆ. ಜನ ಒಂದು ವಾರ ಉಗೀತಾರೆ, ಆಮೇಲೆ ದೀಪ ನೋಡ್ತಾರೆ.’

ಅವಳ ಪಕ್ಷದವರು ಯಾಕೆ ಸೋಲುತ್ತಾರೆ ಎಂದು ಅವಳು, ನಮ್ಮವರು ಯಾಕೆ ಸೋಲಬೇಕು ಎಂದು ನಾನು, ಕತ್ತಲಾಗುವ ತನಕ ಜಗಳ ಆಡಿದೆವು. ಎಷ್ಟು ಹಾಯೆನ್ನಿಸಿತೆಂದರೆ, ಮೂರು ವಾರ ಸರಿಯಾಗಿ ಉಸಿರೇ ಆಡಿರಲಿಲ್ಲವೇನೋ ಎನ್ನುವಷ್ಟು. ಮರುದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದು ಮೆಟ್ಟಿಲನ್ನು ದಾರ ಹಿಡಿದು ನೋಡಿ, ‘ಥೂ, ಏನೇ ಇದು!’ ಎಂದು ಗೊಂಬೆಗಳನ್ನೆಲ್ಲ ಇಳಿಸಿ ಮತ್ತೆ ಜೋಡಿಸಿದಳು. ಅಣ್ಣ ಬರಲಿಲ್ಲ. ಬೇರೆ ಯಾರದೋ ಮನೆಯಲ್ಲಿ ಫೋಟೋ ತೆಗೆಸಿಕೊಂಡರಂತೆ.

ಮರದ ಹಿಂದೆ ನಿಂತ ವಿಷಯವನ್ನು ಯಜಮಾನರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಎದ್ದು ಹೋಗಿ ಕಿಟಕಿಯಿಂದ ಆ ಹೊಂಗೆ ಮರವನ್ನು ನೋಡಿದರು.

ವಿಜಯದಶಮಿ ಕಳೆದು ಎರಡು ದಿನಕ್ಕೆ ಅವರ ಕಣ್ಣಿನ ಆಪರೇಷನ್. ಬೆಳಿಗ್ಗೆ ಏಳೂವರೆಗೆ ಆಟೋ ಬಂದು ನಿಂತಿತು. ನಾನು ಚೀಲ ಹಿಡಿದು ಗೇಟಿನ ಹತ್ತಿರ ಹೋದೆ. ಅವರು ಮೇಲಿನ ಮೆಟ್ಟಿಲಿನ ಮೇಲೇ ನಿಂತುಬಿಟ್ಟರು.

‘ಟೀಚರ್‌ಗೆ ಫೋನ್ ಮಾಡು. ಬರೋಕೆ ಹೇಳು.’

‘ಯಾಕ್ರೀ? ಎಂಟಕ್ಕೆ ಅಲ್ಲಿರ್ಬೇಕು.’

‘ಅವರು ಎದುರಿಗೆ ಬರದೆ ನಾನು ಮೆಟ್ಲು ಇಳಿಯಲ್ಲ.’

ಮದುವೆಯಾದಾಗಿನಿಂದ ಅವರು ಒಂದೂ ಹಟ ಹಿಡಿದದ್ದು ನನಗೆ ನೆನಪಿಲ್ಲ. ಫೋನ್ ಮಾಡಿದೆ. ಆಟೋದವನು ‘ಹೋಗೋಣ್ವಾ ಸಾರ್?’ ಎಂದು ಎರಡು ಸಲ ಕೇಳಿದ. ‘ಒಬ್ಬರು ಬರ್ಬೇಕು, ಇರಪ್ಪ,’ ಎಂದರು. ಅವಳು ಅರ್ಧ ಬಾಚಿದ ತಲೆಯಲ್ಲೇ ಓಡಿಬಂದಳು. ಏನಾಯಿತೋ ಎಂದು ಮುಖವೆಲ್ಲ ಗಾಬರಿ. ಯಜಮಾನರು ಅವಳನ್ನೇ ನೋಡುತ್ತ ಒಂದೊಂದೇ ಮೆಟ್ಟಿಲು ಇಳಿದು, ಅವಳ ಎದುರು ನಿಂತು, ‘ಹೋಗಿಬರ್ತೀನಿ ಟೀಚರ್,’ ಎಂದರು. ಅವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನನ್ನ ಕಡೆ ತಿರುಗಿ, ‘ಎಲ್ಲ ಹೇಳಿಬಿಟ್ಯಾ? ನಿನ್ನ ಬಾಯಿಗೊಂದು ಬೀಗ ಇಲ್ವಲ್ಲೇ!’ ಎಂದು ಬೈದಳು. ಬೈಯುತ್ತಲೇ ಆಟೋ ಹತ್ತಿ ನಮ್ಮ ಜೊತೆಗೇ ಬಂದಳು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ, ಅವಳನ್ನು ಎದುರಿಗೆ ಕೂರಿಸಿಕೊಂಡರು. ನರ್ಸ್ ಹತ್ತಿ ತೆಗೆದಳು. ಅವರು ರೆಪ್ಪೆ ಬಡಿದರು, ನೀರು ಸುರಿಯಿತು, ಮತ್ತೆ ಬಡಿದರು.

‘ಏನು ಕಾಣಿಸ್ತಿದೆ ಸಾರ್?’ ಎಂದರು ಡಾಕ್ಟರು.

‘ಟೀಚರ್ ಮುಖ,’ ಎಂದರು ಅವರು. ‘ಚೆನ್ನಾಗಿ ಕಾಣಿಸ್ತಿದೆ.’

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಡಾಕ್ಟರ ಕಡೆ ತಿರುಗಿ, ‘ಇನ್ನೊಂದು ಕಣ್ಣಿನ ಆಪರೇಷನ್ ಯಾವತ್ತು ಹೇಳಿ ಡಾಕ್ಟ್ರೇ,’ ಎಂದಳು. ‘ನಾನು ಮೊದಲೇ ಬಂದು ಗೇಟ್ ಹತ್ರ ನಿಂತಿರ್ಬೇಕು.’